ಪೆಟ್ಟಿಗೆಯೊಳಗಿನ ಪಾತ್ರ

ನುನ್ಸಿಯೊ ಸತ್ತನೆಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ನಾನೇ ಎಂದು ಬೆಲ್‌ವಿಲ್‌ನಲ್ಲಿ ಈಗಲೂ ಹೇಳುವವರಿದ್ದಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ನಾನು ಹೇಳಿದ್ದು ಇಬ್ಬರಿಗೆ. ಒಬ್ಬಳು ಅವನ ಹೆಂಡತಿ, ಇನ್ನೊಬ್ಬ ಅವನ ಅಣ್ಣ. ಸತ್ತವನ ಹೆಂಡತಿಗೂ ಅಣ್ಣನಿಗೂ ತಿಳಿಸುವುದನ್ನು ಹಬ್ಬಿಸುವುದು ಎನ್ನುತ್ತಾರೆಯೇ? ನಾನು ಕ್ಷೌರಿಕ. ಮೂವತ್ತೊಂದು ವರ್ಷದಿಂದ ಒಂದೇ ಬೀದಿಯಲ್ಲಿ ಕತ್ತರಿ ಹಿಡಿದಿದ್ದೇನೆ. ಸುದ್ದಿ ತಾನಾಗಿ ಬಂದು ನನ್ನ ಕುರ್ಚಿಯಲ್ಲಿ ಕೂರುತ್ತದೆ, ನಾನು ಅದರ ಕೊರಳಿಗೆ ಬಟ್ಟೆ ಕಟ್ಟುತ್ತೇನೆ, ಅಷ್ಟೆ.

ಎಲ್ಲಕ್ಕೂ ಮೂಲ ಆ ಭಾನುವಾರದ ಧಾರಾವಾಹಿ. ನಮ್ಮ ನ್ಯೂಜೆರ್ಸಿಯದೇ, ನಮ್ಮ ಹಾಗೆ ಇಟಲಿ ಮೂಲದ್ದೇ ಒಂದು ಮನೆತನದ ಕಥೆ. ಆ ಮನೆಯ ಗಂಡಸರು ವಾರದಲ್ಲಿ ಆರು ದಿನ ಊರವರ ತಲೆ ಒಡೆಯುತ್ತಾರೆ. ಏಳನೆಯ ದಿನ ಅಮ್ಮನ ಊಟದ ಮೇಜಿನಲ್ಲಿ ಕೂತು, ಕೆಂಪು ಗೊಜ್ಜು ಸುರಿದ ಮ್ಯಾಕರೋನಿ ತಿನ್ನುತ್ತಾ, ಮರ್ಯಾದೆ ಮತ್ತು ನಿಯತ್ತಿನ ವಿಷಯ ಮಾತಾಡುತ್ತಾರೆ. ಪ್ರತಿ ವರ್ಷವೂ ನಂಬಿದವನೊಬ್ಬ ಕೈಕೊಡುತ್ತಾನೆ, ಮುಖ್ಯನಾದವನೊಬ್ಬ ಸಾಯುತ್ತಾನೆ. ಇದು ನಮ್ಮ ಜನರ ಮಾನ ಕಳೆಯುವ ಧಾರಾವಾಹಿ ಎಂದು ನಮ್ಮ ಬೀದಿಯವರೆಲ್ಲ ಒಮ್ಮತದಿಂದ ಖಂಡಿಸಿದ್ದರು. ಏಳು ವರ್ಷದಲ್ಲಿ ಒಂದು ಕಂತನ್ನೂ ಯಾರೂ ತಪ್ಪಿಸಿರಲಿಲ್ಲ.

ನುನ್ಸಿಯೊ ಅಂಗಡಿಗಳ ಮುಂದೆ ಕ್ಯಾನ್ವಾಸ್ ಚಪ್ಪರ ಕಟ್ಟುವವನು. ವಯಸ್ಸು ಐವತ್ತೆಂಟು. ಯಾರೋ ಹಿಂದಿನಿಂದ ಹೆಸರು ಕೂಗಿದಂತೆ, ಯಾರೆಂದು ಇನ್ನೂ ಗೊತ್ತಾಗದಂತೆ ಇರುತ್ತಿತ್ತು ಅವನ ಮುಖ. ಊರಿನಲ್ಲಿ ಅವನಿಗೆ ಒಂದು ಬಿರುದಿತ್ತು: ತಾಯಿಯ ಮರ ಕೊಂದವನು.

ಅವರಮ್ಮ ಹಿತ್ತಲಲ್ಲಿ ಒಂದು ಅಂಜೂರದ ಮರ ಬೆಳೆಸಿದ್ದಳು. ಇಲ್ಲಿನ ಚಳಿ ಅಂಜೂರಕ್ಕೆ ಆಗದು. ಅದಕ್ಕೇ ನಮ್ಮವರು ನವೆಂಬರ್ ಬಂದ ಕೂಡಲೇ ಮರಕ್ಕೆ ಹಗ್ಗ ಬಿಗಿದು, ಹಳೆಯ ಕಂಬಳಿ, ಜಮಖಾನ ಎಲ್ಲ ಸುತ್ತಿ, ನೆತ್ತಿಯ ಮೇಲೊಂದು ಬಕೆಟ್ ಬೋರಲು ಹಾಕುತ್ತಾರೆ. ಅಮ್ಮ ಹೋದ ವರ್ಷ ಅಣ್ಣತಮ್ಮಂದಿರು ಇಬ್ಬರೂ ಸೇರಿ ಸುತ್ತಿದರು. ಮುಂದಿನ ವರ್ಷದಿಂದ ಸರದಿ ಎಂದು ಮಾತಾಯಿತು. ಸರದಿ ಯಾರಿಂದ ಶುರುವೆಂದು ಒಬ್ಬ ಒಂದು ತಿಳಿದುಕೊಂಡ, ಇನ್ನೊಬ್ಬ ಇನ್ನೊಂದು. ಮಾರ್ಚಿನ ಹೊತ್ತಿಗೆ ಮರ ಕರಕಲಾಗಿತ್ತು. ತಪ್ಪು ತಮ್ಮನದು ಎಂದ ಅಣ್ಣ ಸಬಾತಿನೊ. ತಪ್ಪು ಅಣ್ಣನದು ಎಂದ ನುನ್ಸಿಯೊ. ಸಬಾತಿನೊನ ಗಂಟಲು ದೊಡ್ಡದು, ಮಾತು ಗಟ್ಟಿ. ಊರು ಅವನನ್ನೇ ನಂಬಿತು. ಅಲ್ಲಿಂದ ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ. ಅಣ್ಣ ಪಕ್ಕದ ಊರು ನಟ್ಲಿಗೆ ಹೋಗಿ ಟೈಲ್ಸ್ ಅಂಗಡಿ ಹಾಕಿದ. ತಲೆ ಮಾತ್ರ ಇಬ್ಬರದೂ ನನ್ನ ಕೈಯಲ್ಲೇ ಇತ್ತು. ಮಂಗಳವಾರ ತಮ್ಮ, ಶನಿವಾರ ಅಣ್ಣ.

ಒಂದು ಮಂಗಳವಾರ ನುನ್ಸಿಯೊ ಕುರ್ಚಿಯಲ್ಲಿ ಕೂತು, ಎಂದೂ ಇಲ್ಲದ ಗಾಂಭೀರ್ಯದಿಂದ ಕನ್ನಡಿ ನೋಡಿಕೊಂಡ.

"ಕ್ಯಾಮೆರಾಗೆ ಸರಿಹೋಗೋ ಹಾಗೆ ಕತ್ತರಿಸು, ಒರಾತ್ಸಿಯೊ. ಪಾರ್ಟು ಸಿಕ್ಕಿದೆ."

"ಯಾವುದ್ರಲ್ಲಿ?"

"ಇನ್ಯಾವುದ್ರಲ್ಲಿ. ಭಾನುವಾರದ್ರಲ್ಲಿ."

ಕತ್ತರಿ ನಿಂತಿತು. ಅಂಗಡಿಯೂ ನಿಂತಿತು. ಮೂಲೆಯ ಬೆಂಚಿನಲ್ಲಿ ಗೆಲ್ಸೊಮೀನಾ ಅತ್ತೆ ಕೂತಿದ್ದಳು. ನನ್ನ ಅಂಗಡಿಯ ಮೇಲಿನ ಮನೆಯಲ್ಲಿ ಇರುವವಳು, ಎಂಬತ್ತೊಂಬತ್ತು ವರ್ಷ; ಯಾರಿಗೆ ಅತ್ತೆಯೋ ತಿಳಿಯದು, ಬೀದಿಗೆಲ್ಲ ಅತ್ತೆ.

"ಏನ್ ಪಾರ್ಟು?" ಎಂದಳು ಅತ್ತೆ.

"ಹೇಳೋ ಹಾಗಿಲ್ಲ ಅತ್ತೆ. ಸಹಿ ಹಾಕಿದೀನಿ. ಹೆಂಡ್ತಿಗೂ ಹೇಳಿಲ್ಲ."

"ಡೈಲಾಗ್ ಇದ್ಯಾ?" ಎಂದೆ ನಾನು.

ನುನ್ಸಿಯೊ ಸ್ವಲ್ಪ ಯೋಚಿಸಿದ. "ಡೈಲಾಗಿಗಿಂತ ದೊಡ್ಡದು. ಎಲ್ರೂ ನನ್ನ ಸುತ್ತಾನೇ ಇರ್ತಾರೆ. ನನ್ನ ನೋಡಿ ಅಳ್ತಾರೆ."

"ನಿನ್ನ ನೋಡಿ ನಿಮ್ಮಮ್ಮನೂ ಅಳ್ತಿದ್ಲು," ಎಂದಳು ಅತ್ತೆ.

ಶೂಟಿಂಗ್ ಎಲ್ಲಿ ಎಂದು ಕೇಳಿದ್ದಕ್ಕೆ ನ್ಯೂಯಾರ್ಕಿನ ದೊಡ್ಡ ಸ್ಟುಡಿಯೋದಲ್ಲಿ ಎಂದ. ಅದು ಸುಳ್ಳು. ಆದರೆ ಅಷ್ಟು ದೊಡ್ಡ ಪಾತ್ರದವನು ಬೆಲ್‌ವಿಲ್‌ನಲ್ಲೇ ನಟಿಸುತ್ತಾನೆ ಎಂದರೆ ಯಾರು ನಂಬುತ್ತಾರೆ ಎಂದು ಅವನಿಗನ್ನಿಸಿರಬೇಕು. ಹೋಗುವಾಗ, ಕಂತು ಬರುವ ಭಾನುವಾರ ಬೀದಿಯವರೆಲ್ಲ ತನ್ನ ಮನೆಗೇ ಊಟಕ್ಕೆ ಬರಬೇಕೆಂದು ಕರೆದು ಹೋದ. ಒಂಬತ್ತು ವರ್ಷದಲ್ಲಿ ಅವನು ಯಾರನ್ನಾದರೂ ಕರೆದದ್ದು ಅದೇ ಮೊದಲು.

ಹತ್ತು ದಿನ ಕಳೆದ ಮೇಲೆ ಅವನ ಹೆಂಡತಿ ಎರ್ಮೆಲಿಂಡಾ ಅಂಗಡಿಗೆ ಬಂದಳು.

"ಒರಾತ್ಸಿಯೊ ಅಣ್ಣ, ನಮ್ಮನೆಯವರಿಗೆ ಏನೋ ಆಗಿದೆ. ಮದುವೆ ಸೂಟ್ ಹಾಕ್ಕೊಂಡು ಸೋಫಾ ಮೇಲೆ ಮಲಗ್ತಾರೆ. ಎದೆ ಮೇಲೆ ಕೈ, ಕೈಯಲ್ಲಿ ಜಪಸರ. ಮಾತಾಡ್ಸಿದ್ರೆ ಉತ್ತರ ಇಲ್ಲ. ಮೂಗಿನ ಮೇಲೆ ನೊಣ ಕೂತ್ರೂ ಅಲ್ಲಾಡಲ್ಲ. ಕಾಲು ಗಂಟೆ ಆದ್ಮೇಲೆ ಎದ್ದು, ಊಟಕ್ಕೇನು ಅಂತಾರೆ."

"ಯಾಕೆ ಅಂತ ಕೇಳ್ಬೇಕಿತ್ತು."

"ಕೇಳ್ದೆ. ಕೇಳ್ಬೇಡ ಅಂದ್ರು."

ಗೆಲ್ಸೊಮೀನಾ ಅತ್ತೆ ತಲೆಯೆತ್ತಿದಳು. "ಕೇಳ್ಬೇಡ ಅಂದ್ನಾ? ನೋಡಮ್ಮ, ಧಾರಾವಾಹೀಲಿ ಹೆಂಡ್ತಿಗೆ ಕೇಳ್ಬೇಡ ಅಂದೋರಿಗೆಲ್ಲ ಇನ್ನೊಂದು ಮನೆ ಇರುತ್ತೆ. ಇಲ್ಲಿವರೆಗೆ ಒಬ್ಬನೂ ತಪ್ಪಿಲ್ಲ."

ಎರ್ಮೆಲಿಂಡಾ ಎದ್ದು ಹೋದಳು. ಇಷ್ಟು ಕೇಳಿದ ಮೇಲೂ ನಿನಗೆ ಹೊಳೆಯಲಿಲ್ಲವೇ ಎಂದು ಓದುವವರು ನನ್ನನ್ನು ಕೇಳಬಹುದು. ಎಲ್ಲರೂ ಅವನ ಸುತ್ತ ಇರುತ್ತಾರೆ ಎಂದಿದ್ದ. ಅಂಥ ಪಾತ್ರದವನು ಮಲಗಿಕೊಂಡು ಏನು ಮಾಡುತ್ತಾನೆ?

ಸೆಪ್ಟೆಂಬರಿನ ಒಂದು ಗುರುವಾರ. ನನ್ನ ಅಂಗಡಿಯ ಎದುರಿಗೇ ಪೆಲ್ಲಿಕಾನೊನ ಅಂತಿಮ ದರ್ಶನದ ಮನೆ ಇದೆ. ನಮ್ಮಲ್ಲಿ ಯಾರು ಸತ್ತರೂ ಎರಡು ದಿನ ಅಲ್ಲೇ ಪೆಟ್ಟಿಗೆಯಲ್ಲಿ ಮಲಗುತ್ತಾರೆ. ನೆಂಟರಿಷ್ಟರು ಸಾಲಾಗಿ ಬಂದು, ಮಂಡಿಯೂರಿ, ಒಂದೆರಡು ಮಾತು ಹೇಳಿ ಹೋಗುತ್ತಾರೆ. ಅಂದು ಬೆಳಗಿನಿಂದ ಅಲ್ಲಿ ಕಪ್ಪು ಕಾರುಗಳು, ಕಪ್ಪು ಸೂಟುಗಳು, ಕತ್ತು ಕಾಣದಷ್ಟು ದಪ್ಪ ಗಂಡಸರು. ಕಿಟಕಿಗಳಿಗೆಲ್ಲ ಪರದೆ ಬಿಟ್ಟಿದ್ದರು. ಚರ್ಚಿನ ಹಿಂದೆ ನಾಲ್ಕು ಲಾರಿ ನಿಂತಿದ್ದವು; ಗ್ಯಾಸ್ ಪೈಪಿನವರು ಮತ್ತೆ ಬಂದರು ಎಂದು ನಾನು ಶಪಿಸಿದೆ. ಯಾರೋ ದೊಡ್ಡ ಕುಳ ಹೋಗಿರಬೇಕೆಂದುಕೊಂಡು ಕೆಲಸ ನೋಡಿಕೊಂಡೆ.

ಗೆಲ್ಸೊಮೀನಾ ಅತ್ತೆ ಸುಮ್ಮನಿರುವವಳಲ್ಲ. ಗುರುತಿದ್ದವರಿರಲಿ ಇಲ್ಲದವರಿರಲಿ, ಪೆಲ್ಲಿಕಾನೊನ ಮನೆಗೆ ಬಂದ ಹೆಣವನ್ನು ನೋಡದೆ ಬಿಟ್ಟವಳೇ ಅಲ್ಲ. ಮುಂಬಾಗಿಲಲ್ಲಿ ಯಾರೋ ತಡೆದರಂತೆ. ನಲವತ್ತು ವರ್ಷದ ರೂಢಿಯಲ್ಲಿ ಪಕ್ಕದ ಬಾಗಿಲಿನಿಂದ ನುಗ್ಗಿದಳು. ಹತ್ತು ನಿಮಿಷಕ್ಕೆ ವಾಪಸು ಬಂದು ಬೆಂಚಿನಲ್ಲಿ ಕೂತಳು.

"ನುನ್ಸಿಯೊ ಹೋಗ್ಬಿಟ್ಟ."

"ಯಾವ ನುನ್ಸಿಯೊ?"

"ಮರ ಕೊಂದ ನುನ್ಸಿಯೊ."

"ಮೊನ್ನೆ ತಾನೆ ಕಟಿಂಗ್ ಮಾಡಿಸ್ಕೊಂಡು ಹೋದ್ನಲ್ಲ ಅತ್ತೆ."

"ಕಟಿಂಗ್ ಚೆನ್ನಾಗಿದೆ. ಹೆಣ ತುಂಬ ಚೆನ್ನಾಗಿ ಕಾಣುತ್ತೆ. ಬದುಕಿದ್ದಾಗ ಇಷ್ಟು ಕಳೆ ಇರ್ಲಿಲ್ಲ." ಅತ್ತೆ ಧ್ವನಿ ತಗ್ಗಿಸಿದಳು. "ಪಕ್ಕದಲ್ಲಿ ಹೆಂಡ್ತಿ ಕೂತು ಅಳ್ತಿದ್ಲು."

"ಪಾಪ ಎರ್ಮೆಲಿಂಡಾ."

"ಎರ್ಮೆಲಿಂಡಾ ಅಲ್ಲ."

ನಾನು ಫೋನ್ ತೆಗೆದುಕೊಂಡೆ. ಇಬ್ಬರ ತಲೆಯನ್ನೂ ಬಲ್ಲವನು ನಾನೊಬ್ಬನೇ. ನಾನಲ್ಲದೆ ಇನ್ಯಾರು ಹೇಳಬೇಕು? ನಟ್ಲಿಯಲ್ಲಿ ಸಬಾತಿನೊ ಎತ್ತಿಕೊಂಡ.

"ನಿನ್ನ ತಮ್ಮ ಹೋದ ಕಣಪ್ಪ."

ಆ ಕಡೆ ಟೈಲ್ಸ್ ಒಂದು ಬಿದ್ದು ಒಡೆದ ಸದ್ದಾಯಿತು.

"ಯಾವಾಗ?"

"ಗೊತ್ತಿಲ್ಲ. ಆಗ್ಲೇ ಪೆಟ್ಟಿಗೇಲಿದಾನೆ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ನೀವು ಮಾತು ಬಿಟ್ಟಿದ್ರಲ್ಲ."

ಅವನು ಫೋನ್ ಇಟ್ಟ. ನಾನು ಮೂರು ಮನೆ ಆಚೆಗಿದ್ದ ಎರ್ಮೆಲಿಂಡಾಳ ಬಳಿಗೆ ಓಡಿದೆ. ಅವಳು ಅಡುಗೆಮನೆಯಲ್ಲಿ ಬದನೆಕಾಯಿ ಹುರಿಯುತ್ತಿದ್ದಳು. ಹೇಗೆ ಹೇಳಬೇಕೋ ಹಾಗೆ ಹೇಳಿದೆ.

"ಏನಂತೀರ? ಬೆಳಿಗ್ಗೆ ಮೊಟ್ಟೆ ತಿಂದು ಹೋಗಿದಾರೆ. ಮಧ್ಯಾಹ್ನ ಇನ್ನೂ ಆಗಿಲ್ಲ, ಆಗ್ಲೇ ಪೆಟ್ಟಿಗೆಗಾ?"

"ಪೆಲ್ಲಿಕಾನೊ ಕೈ ಚುರುಕಮ್ಮ," ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಅಂದೂ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ.

"ಹೆಂಡ್ತಿಗೆ ಹೇಳ್ದೆ ಯಾರು ಮಲಗಿಸಿದ್ರು ಅವರ್ನ?"

"ಪಕ್ಕದಲ್ಲಿ ಯಾರೋ ಹೆಂಗಸು ಅಳ್ತಾ ಕೂತಿದಾಳಂತೆ."

ಎರ್ಮೆಲಿಂಡಾ ಒಲೆ ಆರಿಸಿದಳು. ಅಳುತ್ತಾಳೆಂದು ಕಾದೆ. ಅವಳು ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟು, "ನೀವು ನಡೀರಿ ಅಣ್ಣ, ನಾನು ಶೂ ಹಾಕ್ಕೊಂಡು ಬಂದೆ," ಎಂದಳು.

ನಾನು ಬೀದಿ ದಾಟುವಷ್ಟರಲ್ಲಿ ಸಬಾತಿನೊ ಬಂದುಬಿಟ್ಟಿದ್ದ. ಮೈಮೇಲೆಲ್ಲ ಟೈಲ್ಸಿನ ಧೂಳು, ಕೈಯಲ್ಲೊಂದು ಕಂದು ಕಾಗದದ ಚೀಲ. ಅತ್ತೆಯನ್ನು ಅಂಗಡಿಯಲ್ಲೇ ಬಿಟ್ಟು, ಇಬ್ಬರೂ ಅವಳು ನುಗ್ಗಿದ ಪಕ್ಕದ ಬಾಗಿಲಿನಿಂದಲೇ ಹೋದೆವು. ಒಳಗೆ ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ ಹುಡುಗಿಯೊಬ್ಬಳು ಬಾಯಿಗೆ ಬೆರಳಿಟ್ಟು, "ಸಾಲಲ್ಲಿ ಸೇರ್ಕೊಳ್ಳಿ, ಮಾತಾಡ್ಬೇಡಿ," ಎಂದು ನಮ್ಮನ್ನು ತಳ್ಳಿದಳು. ಪೆಲ್ಲಿಕಾನೊ ಕೊನೆಗೂ ಶಿಸ್ತು ಕಲಿತ ಎಂದು ನನಗೆ ಸಂತೋಷವಾಯಿತು. ಕೋಣೆಯಲ್ಲಿ ಕಣ್ಣು ಕುಕ್ಕುವ ಬೆಳಕು. ಅದನ್ನೂ ನೋಡಿದೆ, ಬೆಳಕಿನ ಹಿಂದೆ ಕತ್ತಲಲ್ಲಿ ನಿಂತಿದ್ದವರನ್ನೂ ನೋಡಿದೆ. ಆದರೆ ಎದುರಿಗೆ, ಬಿಳಿ ಹೂವಿನ ನಡುವೆ, ನಾನೇ ಕತ್ತರಿಸಿದ ತಲೆ ಮಲಗಿತ್ತು. ಅದನ್ನು ಬಿಟ್ಟು ಮತ್ತೇನೂ ತಲೆಗೆ ಹೋಗಲಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ಸಬಾತಿನೊ ಮಂಡಿಯೂರಿದ. ಅವನ ಬೆನ್ನಿಗೆ ನಾನು.

"ನುನ್ಸಿ," ಎಂದ. ಆ ಗಂಟಲಿನಿಂದ ಅಷ್ಟು ಸಣ್ಣ ಧ್ವನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಆ ವರ್ಷ ಸರದಿ ನಂದು ಕಣೋ. ನಂಗೆ ಗೊತ್ತಿತ್ತು."

ಹೆಣದ ರೆಪ್ಪೆ ಒಂದಿಷ್ಟು ಅದುರಿತು. ಬೆಳಕಿನ ಆಟವೆಂದುಕೊಂಡೆ. ಆಮೇಲೆ ನುನ್ಸಿಯೊ ನನಗೆ ಹೇಳಿದ: ಅಣ್ಣನ ಧ್ವನಿ ಕಿವಿಗೆ ಬಿದ್ದಾಗಲೇ ಎದ್ದುಬಿಡೋಣ ಅನ್ನಿಸಿತಂತೆ. ಆದರೆ ಎದ್ದರೆ ಪಾರ್ಟು ಹೋಗುತ್ತದೆ, ಬೀದಿಗೆಲ್ಲ ಊಟಕ್ಕೆ ಹೇಳಿಯಾಗಿದೆ. ಅದಕ್ಕಿಂತ ಹೆಚ್ಚಾಗಿ, ಎದ್ದರೆ ಅಣ್ಣ ಆ ಮಾತನ್ನು ಅಲ್ಲೇ ನುಂಗಿಬಿಡುತ್ತಾನೆ. ಒಂಬತ್ತು ವರ್ಷ ಕಾದ ಮಾತು. ಪೂರ್ತಿ ಬರಲಿ ಎಂದು ಉಸಿರು ಬಿಗಿಹಿಡಿದು ಸತ್ತೇ ಇದ್ದ.

"ಒಂದು ಭಾನುವಾರ ಸುತ್ತೋಣ ಅಂತ ಕಂಬಳಿ ತೆಗೆದಿಟ್ಟೆ, ಮಳೆ ಬಂತು. ಮುಂದಿನ ಭಾನುವಾರ ಫುಟ್‌ಬಾಲ್ ಮ್ಯಾಚ್ ಇತ್ತು. ಆಮೇಲೆ ಹಿಮ ಬಿತ್ತು. ಅಮ್ಮನ ಮರ ನಾನೇ ಸಾಯಿಸ್ದೆ ಅಂತ ಯಾರ ಹತ್ರ ಹೇಳ್ಲಿ? ನಿನ್ನ ಮೇಲೆ ಹಾಕ್ದೆ. ಚಿಕ್ಕೋನಿದ್ದಾಗಿಂದ್ಲೂ ನಿನ್ನ ಮೇಲೇ ಹಾಕಿ ಅಭ್ಯಾಸ ನಂಗೆ. ನೀನು ಸುಮ್ನಿರ್ತಿದ್ದೆ. ಈಗ್ಲೂ ನೋಡು, ಸುಮ್ನೇ ಇದೀಯ."

ಸಬಾತಿನೊ ಅಳುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕಪ್ಪು ಮುಸುಕಿನ ಹೆಂಗಸೊಬ್ಬಳು ಅವನಿಗಿಂತ ಜೋರಾಗಿ ಅಳುತ್ತಿದ್ದಳು. ಅವನು ಚೀಲಕ್ಕೆ ಕೈಹಾಕಿ ಎರಡು ಅಂಜೂರದ ಹಣ್ಣು ತೆಗೆದ. ಪೆಟ್ಟಿಗೆಯಲ್ಲಿ ಸತ್ತವರ ಜೊತೆ ಒಂದು ಚುಟ್ಟವನ್ನೋ ಇಸ್ಪೀಟಿನ ಕಟ್ಟನ್ನೋ ಇಡುವುದು ನಮ್ಮಲ್ಲಿ ಇದ್ದದ್ದೇ. ಅವನು ಹಣ್ಣುಗಳನ್ನು ತಮ್ಮನ ಕೈಬೆರಳಿನ ನಡುವೆ, ಜಪಸರದ ಮೇಲೆ ಇಟ್ಟ.

"ಅಮ್ಮನ ಮರದ್ದೇ. ಅದು ಸಾಯೋ ಮುಂಚೆ ಬೇಸಿಗೇಲಿ ಒಂದು ಕೊಂಬೆ ಕತ್ತರಿಸ್ಕೊಂಡು ಹೋಗಿದ್ದೆ. ಟಬ್ಬಲ್ಲಿ ನೆಟ್ಟೆ, ಹತ್ಕೊಂಡ್ತು. ಚಳಿ ಬಂದ್ರೆ ಗ್ಯಾರೇಜಲ್ಲಿ ಇಟ್ಕೋತೀನಿ. ಯಾರಿಗೂ ಹೇಳಿಲ್ಲ. ಈ ವರ್ಷ ನಲವತ್ತು ಹಣ್ಣು ಬಿಡ್ತು."

"ನಲವತ್ತಾ?" ಎಂದಿತು ಹೆಣ.

ಕಣ್ಣು ಬಿಟ್ಟು, ಎರಡೂ ಕೈಯಲ್ಲಿ ಹಣ್ಣು ಹಿಡಿದು, ನುನ್ಸಿಯೊ ಎದ್ದು ಕೂತ.

"ಒಂಬತ್ತು ವರ್ಷದಿಂದ ಅಮ್ಮನ ಹಣ್ಣು ಒಬ್ಬನೇ ತಿಂತಿದೀಯಾ?"

ಜಗಳವಾಡಿ ಅಭ್ಯಾಸವಿದ್ದವರ ನಾಲಿಗೆ ಬುದ್ಧಿಗಿಂತ ಮುಂದಿರುತ್ತದೆ. "ಒಂಬತ್ತಲ್ಲ," ಎಂದ ಸಬಾತಿನೊ. "ಮೊದಲ್ನೇ ಮೂರು ವರ್ಷ ಹಣ್ಣೇ ಬಿಡ್ಲಿಲ್ಲ." ಇಷ್ಟು ಹೇಳಿದ ಮೇಲೆ, ತಾನು ಯಾರಿಗೆ ಉತ್ತರ ಕೊಡುತ್ತಿದ್ದೇನೆಂದು ಗೊತ್ತಾಗಿ, ಹಿಂದಕ್ಕೆ ನನ್ನ ಮೇಲೆ ಬಿದ್ದ. ಅವನ ತೂಕ ನೂರಾ ಹತ್ತು ಕಿಲೋ.

ಅದೇ ಹೊತ್ತಿಗೆ ಎರ್ಮೆಲಿಂಡಾ ಒಳಗೆ ಬಂದಳು. ಗಂಡ ಪೆಟ್ಟಿಗೆಯಲ್ಲಿ ಕೂತಿರುವುದನ್ನು ಅವಳು ಗಮನಿಸಲೇ ಇಲ್ಲ. ನೇರವಾಗಿ ಕಪ್ಪು ಮುಸುಕಿನವಳ ಎದುರಿಗೆ ನಿಂತಳು.

"ಯಾರೇ ನೀನು?"

ಆ ನಟಿ ಅನುಭವಸ್ಥೆಯಿರಬೇಕು. ನಿರ್ದೇಶಕ ಇನ್ನೂ ನಿಲ್ಲಿಸಿ ಎಂದಿರಲಿಲ್ಲ, ಯಾರೋ ಹೊಸ ಮಾತು ಸೇರಿಸಿದ್ದಾರೆಂದುಕೊಂಡು ಕಣ್ಣೀರು ಒರೆಸಿ ಹೇಳಿದಳು: "ನಾನವರ ಹೆಂಡ್ತಿ. ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ."

"ಇಪ್ಪತ್ತು ವರ್ಷಾನಾ?" ಎಂದು ಎರ್ಮೆಲಿಂಡಾ ಹತ್ತಿರದ ಹೂಚಕ್ರ ಎತ್ತಿಕೊಂಡಳು.

"ಲಿಂಡಾ," ಎಂದ ನುನ್ಸಿಯೊ ಪೆಟ್ಟಿಗೆಯೊಳಗಿನಿಂದ, ಬಹಳ ಸಂಕಟದಿಂದ. "ಅವಳು ಯಾರು ಅಂತ ನಂಗೊತ್ತು. ಹೇಳೋ ಹಾಗಿಲ್ಲ. ಸಹಿ ಹಾಕಿದೀನಿ."

ಆಮೇಲೆ ಹೂಚಕ್ರ ಯಾರ ಮೇಲೆ ಬಿತ್ತೆಂದು ಬರೆಯಬೇಕಾಗಿಲ್ಲ. ಕತ್ತಲಿನಿಂದ ನಿರ್ದೇಶಕ ಹೊರಗೆ ಬಂದ. ತೆಳ್ಳಗಿನ, ದಣಿದ ಮನುಷ್ಯ. ಅವನು ಕೂಗಾಡಲಿಲ್ಲ. "ಸತ್ತ ಹಾಗೆ ಇರಿ ಅಂದಿದ್ದೆ. ಬೇರೇನೂ ಕೇಳಿರ್ಲಿಲ್ಲ," ಎಂದಷ್ಟೇ ಹೇಳಿದ. ನಮ್ಮೆಲ್ಲರನ್ನೂ, ಪಾತ್ರಧಾರಿ ಸಮೇತ, ಪಕ್ಕದ ಬಾಗಿಲಿನಿಂದಲೇ ಹೊರಗೆ ಕಳಿಸಿದರು.

ಹೊರಗಿನ ಮೆಟ್ಟಿಲ ಮೇಲೆ ಅಣ್ಣತಮ್ಮಂದಿರು ಕೂತರು. ಅರ್ಧ ಗಂಟೆ ಇಬ್ಬರೂ ಬೈದಾಡಿಕೊಂಡರು. ಒಂಬತ್ತು ವರ್ಷದ ಬಾಕಿ ಬೈಗುಳ, ಬೇಗ ಮುಗಿಯುವಂಥದಲ್ಲ. ನಡುನಡುವೆ ಹಣ್ಣು ತಿಂದರು. ಕೊನೆಗೆ ಸಬಾತಿನೊ ನೆಲ ನೋಡುತ್ತಾ, "ಊರಿಗೆಲ್ಲ ಹೇಳ್ತೀಯಾ?" ಎಂದ. ನುನ್ಸಿಯೊ ಹಣ್ಣಿನ ತೊಟ್ಟು ಬಿಸಾಕಿ ಎದ್ದ. ಹೇಳಿದರೆ ಹೇಳಲಿ ಎಂದು ನನಗನ್ನಿಸಿತು. ಅವನಷ್ಟು ಹಕ್ಕಿದ್ದವರು ಯಾರಿದ್ದರು?

ಸಂಜೆಯೊಳಗೆ ಎಂಟು ಮನೆಯಿಂದ ಸಾವಿನ ಮನೆಗೆಂದು ಊಟದ ತಟ್ಟೆಗಳು ಬಂದವು. ತಂದವರಿಗೆಲ್ಲ ನುನ್ಸಿಯೊ ತಾನೇ ಬಾಗಿಲು ತೆರೆದ. ಹೆಣದ ಪಾರ್ಟು ಎಂಬುದು ಎಲ್ಲರಿಗೂ ಗೊತ್ತಾಯಿತು. ಹೊರಗೆ ಹಾಕಿದ್ದು ಮಾತ್ರ ಗೊತ್ತಾಗಲಿಲ್ಲ. "ಆಮೇಲೆ ಕರೆದು ಮತ್ತೆ ತೆಗೆದ್ರು, ಎರಡ್ನೇ ಸಲ ಇನ್ನೂ ಚೆನ್ನಾಗಿ ಬಂತು," ಎಂದು ಅವನು ಎಲ್ಲರಿಗೂ ಹೇಳಿದ. ಯಾಕೆ ಹಾಗೆಂದೆ ಎಂದು ನಾನು ಕೇಳಿದ್ದಕ್ಕೆ, "ಬಾಯಿಗೆ ಬಂತು," ಎಂದ.

ಕಂತು ಬಂದದ್ದು ಮಾರ್ಚಿನಲ್ಲಿ. ಮಧ್ಯಾಹ್ನದ ಊಟವನ್ನು ಸಂಜೆಗೆ ತಳ್ಳಿ ಇಪ್ಪತ್ತಾರು ಜನ ನುನ್ಸಿಯೊನ ಮನೆಯಲ್ಲಿ ಸೇರಿದರು. ಸಬಾತಿನೊನೂ ಬಂದ. ಅವನು ಕೋಟು ಬಿಚ್ಚುವಾಗ ಎಲ್ಲರೂ ಕತ್ತು ತಿರುಗಿಸಿ ನೋಡಿದರು. ಎರ್ಮೆಲಿಂಡಾ ಅವನಿಗೆ ದೊಡ್ಡ ತಟ್ಟೆಯಲ್ಲೇ ಬಡಿಸಿದಳು.

ಗೆಲ್ಸೊಮೀನಾ ಅತ್ತೆ ತಡೆಯಲಾರದೆ ಹೋದಳು. "ಅಣ್ಣತಮ್ಮ ಒಂದಾದ್ರಿ, ಸಂತೋಷ. ಹಾಗಾದ್ರೆ ಮರ ಸಾಯಿಸಿದ್ದು ನೀನೇ ಅಂತ ಒಪ್ಕೊಂಡ್ಯಾ, ನುನ್ಸಿಯೊ?"

ಸಬಾತಿನೊನ ಕೈಯಲ್ಲಿದ್ದ ಫೋರ್ಕು ಬಾಯಿಯ ಹತ್ತಿರ ನಿಂತಿತು. ಅವನು ಬಿಳಿಚಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ನುನ್ಸಿಯೊ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತಾ, ತಲೆಯೆತ್ತದೆ ಹೇಳಿದ.

"ಆ ವರ್ಷ ಚಳಿ ಜಾಸ್ತಿ ಇತ್ತು ಅತ್ತೆ. ಮರ ತಾನಾಗೇ ಹೋಯ್ತು."

ಅಷ್ಟರಲ್ಲಿ ಧಾರಾವಾಹಿ ಶುರುವಾಯಿತು. ಮುಕ್ಕಾಲು ಗಂಟೆ ಕಳೆದ ಮೇಲೆ ಪೆಲ್ಲಿಕಾನೊನ ಕೋಣೆ ಪರದೆಯ ಮೇಲೆ ಬಂತು. ಅದೇ ಹೂವು, ಅದೇ ಕಪ್ಪು ಮುಸುಕಿನವಳು. ಇಪ್ಪತ್ತಾರು ಜನ ಮುಂದಕ್ಕೆ ಬಾಗಿದರು. ಪೆಟ್ಟಿಗೆ ಕಂಡಿತು. ಪೆಟ್ಟಿಗೆಗೆ ಮುಚ್ಚಳ ಹಾಕಿತ್ತು. ದಪ್ಪ ಕತ್ತಿನವರು ಒಬ್ಬೊಬ್ಬರಾಗಿ ಬಂದು ಮುಚ್ಚಳಕ್ಕೆ ಮುತ್ತಿಟ್ಟರು. ದೃಶ್ಯ ಮುಗಿಯಿತು.

ಸಾಸೇಜು ಮಾರುವ ಫಿಯೊರೆಂಜೊ ಮೊದಲು ಬಾಯಿ ತೆರೆದ. "ಮುಚ್ಚಿದೆಯಲ್ಲೋ ನುನ್ಸಿಯೊ. ಒಳಗಿರೋದು ನೀನೇ ಅಂತ ಏನು ಗ್ಯಾರಂಟಿ? ಮರಳಿ‌ನ ಮೂಟೆ ಇಟ್ಟಿರ್ಬಹುದು."

ಎಲ್ಲರೂ ನಕ್ಕರು. ನುನ್ಸಿಯೊನೂ ನಗಲು ಹೊರಟ, ಆಗಲಿಲ್ಲ. ಅವನ ಕಿವಿ ಕೆಂಪಾಯಿತು. ಅವನು ಎರ್ಮೆಲಿಂಡಾಳನ್ನು ನೋಡಿದ, ನನ್ನನ್ನು ನೋಡಿದ. ನನ್ನ ಬಾಯಿ ಬೇಕಾದಾಗ ಕೆಲಸ ಮಾಡುವುದಿಲ್ಲ.

ಸಬಾತಿನೊ ನ್ಯಾಪ್‌ಕಿನ್ನಿನಿಂದ ಬಾಯಿ ಒರೆಸಿಕೊಂಡು ಎದ್ದು ನಿಂತ.

"ಒಳಗಿದಾನೆ."

"ನಿಂಗೆ ಹೆಂಗೊತ್ತು?" ಎಂದ ಫಿಯೊರೆಂಜೊ.

"ಮುಚ್ಚಳ ಹಾಕೋವಾಗ ಪಕ್ಕದಲ್ಲೇ ನಿಂತಿದ್ದೆ."

ಆ ಗಂಟಲಿಗೆ ಎದುರಾಡುವವರು ನಮ್ಮ ಬೀದಿಯಲ್ಲಿಲ್ಲ. ನಗು ನಿಂತಿತು. ಗೆಲ್ಸೊಮೀನಾ ಅತ್ತೆ ಕೈಯನ್ನು ಕಿವಿಗಿಟ್ಟುಕೊಂಡು ಕೇಳಿದಳು, "ಎರಡ್ನೇ ಸಲ ಹೆಂಗೆ ಮಾಡ್ದ?"

ಸಬಾತಿನೊ ತಮ್ಮನ ಕಡೆ ತಿರುಗಿದ.

"ನಮ್ಮಪ್ಪನ್ನ ನೋಡಿದೀನಿ, ಅಮ್ಮನ್ನ ನೋಡಿದೀನಿ, ಮೂರು ಜನ ಚಿಕ್ಕಪ್ಪಂದಿರನ್ನ ನೋಡಿದೀನಿ," ಎಂದ. "ಇವನಷ್ಟು ಚೆನ್ನಾಗಿ ಸತ್ತೋರು ನಮ್ಮ ಮನೇಲಿ ಒಬ್ಬರೂ ಇಲ್ಲ."